ಮನೆಯ ಖಾತೆ ಇನ್ನೂ ಅಪ್ಪನ ಹೆಸರಲ್ಲಿದೆ, ಅಡ್ವಾನ್ಸ್ ತೆಗೆದುಕೊಳ್ಳಬಹುದಾ?

ಪ್ರಶ್ನೆ: ಹಾಸನದ ವಿದ್ಯಾನಗರದಲ್ಲಿ ಅಪ್ಪ ಕಟ್ಟಿಸಿದ ಮನೆ ಇದೆ. ಅಪ್ಪ ಈಗಿಲ್ಲ. ಅಮ್ಮ ನಮ್ಮ ಜೊತೆ ಬೆಂಗಳೂರಿನಲ್ಲಿದ್ದಾರೆ, ಅಕ್ಕ ಮದುವೆಯಾಗಿ ಶಿವಮೊಗ್ಗದಲ್ಲಿದ್ದಾಳೆ. ಮನೆ ಕೊಳ್ಳುವ ಪಾರ್ಟಿ ಸಿಕ್ಕಿದ್ದಾರೆ, ಅಡ್ವಾನ್ಸ್ ಕೊಡಲು ಅವಸರ ಮಾಡುತ್ತಿದ್ದಾರೆ. ಮೂರು ತಿಂಗಳಲ್ಲಿ ರಿಜಿಸ್ಟ್ರೇಷನ್ ಮುಗಿಯುತ್ತದಾ?

ಉತ್ತರ: ಮುಗಿಯಬಹುದು. ಆದರೆ ಅಡ್ವಾನ್ಸ್ ಈಗಲೇ ಮುಟ್ಟಬೇಡಿ. ಮುಟ್ಟಿದ ದಿನದಿಂದ ಗಡುವು ಓಡಲು ಶುರುವಾಗುತ್ತದೆ, ನಿಮ್ಮ ಕಾಗದಪತ್ರ ಇನ್ನೂ ತಯಾರೇ ಆಗಿರುವುದಿಲ್ಲ.

ತಡವಾಗುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನೋಂದಣಿ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಕಾವೇರಿ 2.0ರಲ್ಲಿ ದಾಖಲೆ ಹಾಕಿ, ಶುಲ್ಕ ಕಟ್ಟಿ, ಸಮಯ ಗೊತ್ತು ಮಾಡಿಕೊಂಡು ಹೋದರೆ ಅಲ್ಲಿನ ಕೆಲಸ ದೊಡ್ಡದೇನಲ್ಲ. 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯೊಳಗಿನ ಯಾವ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು. ಹಾಸನದಲ್ಲಿ ಸಮಯ ಸಿಗದಿದ್ದರೆ ಅರಸೀಕೆರೆಗೆ ಹೋಗಿ ಬನ್ನಿ.

ನಿಜವಾಗಿ ಎಳೆಯುವುದು ಖಾತೆ. ಇ-ಖಾತೆ (ಆಸ್ತಿ ಯಾರ ಹೆಸರಲ್ಲಿದೆ ಎಂದು ತೋರಿಸುವ ಸ್ಥಳೀಯ ಸಂಸ್ಥೆಯ ಡಿಜಿಟಲ್ ದಾಖಲೆ) ಇಲ್ಲದೆ ಈಗ ಕ್ರಯಪತ್ರ ನೋಂದಣಿಯಾಗುವುದಿಲ್ಲ. ಖಾತೆ ಅಪ್ಪನ ಹೆಸರಲ್ಲೇ ಇದ್ದರೆ ಮೊದಲು ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಬೇಕು. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಬಾಕಿ ಕಂದಾಯ ಕಟ್ಟಿದ ರಸೀದಿ, ಅಪ್ಪನ ಹೆಸರಿನ ಮೂಲ ಪತ್ರ, ಇವಿಷ್ಟನ್ನು ಇವತ್ತಿನಿಂದಲೇ ಜೋಡಿಸಿ. ಆಧಾರ್‌ನಲ್ಲಿ ಒಂದು ಹೆಸರು, ಹಳೇ ಪತ್ರದಲ್ಲಿ ಇನ್ನೊಂದು ಇನಿಶಿಯಲ್ ಇದ್ದರೆ ಅದನ್ನೂ ಈಗಲೇ ಸರಿ ಮಾಡಿಸಿ. ನಮ್ಮ ಕಡೆ ಒಬ್ಬರಿಗೇ ಮೂರು ಹೆಸರು ಇರುವುದು ಹೊಸದಲ್ಲ ಬಿಡಿ.

ಇನ್ನು ಅಕ್ಕನ ವಿಷಯ. ನೀವು ಅವಳ ಊರು ಹೇಳಿದ್ದೀರಿ, ಒಪ್ಪಿಗೆ ಇದೆಯೋ ಇಲ್ಲವೋ ಹೇಳಿಲ್ಲ. ಅಪ್ಪ ಸ್ವಂತ ದುಡಿಮೆಯಲ್ಲಿ ಕಟ್ಟಿಸಿ, ವಿಲ್ ಬರೆಯದೆ ಹೋಗಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅಮ್ಮ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಅಪ್ಪ ತೀರಿಕೊಂಡಾಗ ಅವರ ತಾಯಿ ಬದುಕಿದ್ದರೆ ಅವರಿಗೂ ಪಾಲಿದೆ. "ಅವಳಿಗೆ ಮದುವೆಯಲ್ಲೇ ಕೊಟ್ಟಾಯ್ತು" ಎನ್ನುವ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಅವಳು ಬಂದು ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ಮೊದಲೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬರೆದುಕೊಡಬೇಕು. ಫೋನಿನಲ್ಲಿ "ನೀವೇ ನೋಡ್ಕೊಳ್ರೋ" ಅಂದಳು ಎಂದು ಅಡ್ವಾನ್ಸ್ ತೆಗೆದುಕೊಂಡು, ಆಮೇಲೆ ಹಣದ ಲೆಕ್ಕಕ್ಕೆ ಕೂತರೆ ಕೆಲಸ ಅಲ್ಲೇ ನಿಲ್ಲುತ್ತದೆ. ಒಂದು ಭಾನುವಾರ ಶಿವಮೊಗ್ಗಕ್ಕೆ ಹೋಗಿ, ಯಾರಿಗೆ ಎಷ್ಟು ಅಂತ ಎಲ್ಲರೂ ಕೂತು ಬರೆದುಕೊಳ್ಳಿ.

ಮನೆ ಮೇಲೆ ಸಾಲ ಇತ್ತಾ? ತೀರಿದ್ದರೂ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ ನೋಡಿ. ಬ್ಯಾಂಕಿನ ಅಡಮಾನ ನೋಂದಣಿಯಾಗಿದ್ದು ಬಿಡುಗಡೆ ನೋಂದಣಿ ಆಗಿರದಿದ್ದರೆ, ಕೊಳ್ಳುವವರ ಬ್ಯಾಂಕಿನ ವಕೀಲರು ಕಡತವನ್ನು ವಾಪಸ್ ಕಳಿಸುತ್ತಾರೆ. ಸಾಲ ಈಗಷ್ಟೇ ತೀರಿಸಿದ್ದರೆ ಮೂಲ ಪತ್ರಗಳನ್ನು 30 ದಿನದೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕು. ಈ ಮಾತು ಶಾಖೆಯಲ್ಲಿ ಸುಮ್ನೆ ನೆನಪಿಸಿದರೂ ಕೆಲಸ ಚುರುಕಾಗುತ್ತದೆ.

ಕೊಳ್ಳುವವರ ಹಣದ ವ್ಯವಸ್ಥೆ ಏನು ಅಂತಲೂ ಕೇಳಿ. ಸ್ಟಾಂಪ್ ಡ್ಯೂಟಿ ಶೇ 5, ಮೇಲೆ ಸೆಸ್, ಸರ್‌ಚಾರ್ಜ್. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2. ಎಲ್ಲ ಸೇರಿ ನಗರದಲ್ಲಿ ಸುಮಾರು ಶೇ 7.6. ಅಂದರೆ 60 ಲಕ್ಷದ ಮನೆಗೆ ಅವರು 4.56 ಲಕ್ಷ ಜಾಸ್ತಿ ಹೊಂದಿಸಬೇಕು. ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಶೇ 1 ಆದಾಯ ತೆರಿಗೆ (ಟಿಡಿಎಸ್) ಹಿಡಿದು ಉಳಿದದ್ದನ್ನು ನಿಮಗೆ ಕೊಡುತ್ತಾರೆ. ನಿಮ್ಮ ಪ್ಯಾನ್‌ಗೆ ಆಧಾರ್ ಜೋಡಣೆ ಆಗಿರದಿದ್ದರೆ ಅದೇ ಟಿಡಿಎಸ್ ಶೇ 20ಕ್ಕೆ ಏರುತ್ತದೆ, ಎಚ್ಚರ. ಪಾರ್ಟಿ ಸಕಲೇಶಪುರ ಕಡೆ ತೋಟದವರಾಗಿದ್ದರೆ, ಕಾಫಿ ಮಾರಿದ ಮೇಲೆ ಹಣ ಕೊಡುವ ಯೋಚನೆ ಇದೆಯಾ ಅಂತ ನೇರವಾಗಿ ಕೇಳಿಬಿಡಿ.

ಇಷ್ಟಾದ ಮೇಲೆ ಕರಾರು ಪತ್ರ. ಗಡುವನ್ನು ಸಹಿಯ ದಿನದಿಂದ ಎಣಿಸಬೇಡಿ, "ಇ-ಖಾತೆ ಬಂದ ದಿನದಿಂದ 60 ದಿನ" ಎಂದು ಬರೆಸಿ. ಆಷಾಢ, ಪಿತೃಪಕ್ಷದಲ್ಲಿ ಹೇಗೂ ಯಾರೂ ಬರುವುದಿಲ್ಲ. ಹಾಸನಾಂಬೆ ಬಾಗಿಲು ತೆಗೆದ ದಿನಗಳಲ್ಲಿ ಊರೊಳಗೆ ಕಾರು ನಿಲ್ಲಿಸಲೂ ಜಾಗ ಸಿಗದು, ಆಗಲೂ ದಿನ ಇಟ್ಟುಕೊಳ್ಳಬೇಡಿ.