ಸೇಡು ತೀರಿದ ಮೇಲೇನು?

ಪ್ರೀತಿಸಿದವನೇ ಮೋಸ ಮಾಡುತ್ತಾನೆ, ಮೋಸಹೋದವಳು ಹೊಂಚುಹಾಕಿ ಸೇಡು ತೀರಿಸಿಕೊಳ್ಳುತ್ತಾಳೆ. ಈ ಬಗೆಯ ಸೈಕಲಾಜಿಕಲ್ ಥ್ರಿಲ್ಲರ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಮುಗಿಯುತ್ತವೆ: ವಂಚಕ ನೆಲಕ್ಕುರುಳುತ್ತಾನೆ, ನಾಯಕಿ ನಿಟ್ಟುಸಿರು ಬಿಡುತ್ತಾಳೆ. ಆಮೇಲೆ ಅವಳಿಗೆ ಹೇಗನ್ನಿಸಿತು ಎಂಬುದು ಕಥೆಯಲ್ಲಿ ಇರುವುದೇ ಇಲ್ಲ. ಮನೋವಿಜ್ಞಾನಿಗಳು ಕೆದಕಿದ್ದು ಆ ‘ಆಮೇಲೆ’ಯನ್ನೇ.

ಅಲ್ಲಿಗೆ ಹೋಗುವ ಮೊದಲು ಪ್ರೇಕ್ಷಕರ ಮಾಮೂಲಿ ತಕರಾರೊಂದನ್ನು ಮುಗಿಸಿಬಿಡೋಣ. ‘ಇಷ್ಟು ದಿನ ಜೊತೆಗಿದ್ದೂ ಅವಳಿಗೆ ಗೊತ್ತಾಗಲಿಲ್ಲವಾ?’ ಗೊತ್ತಾಗುವುದಿಲ್ಲ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ ಸುಳ್ಳು ಪತ್ತೆಯ ಕುರಿತ ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಲೆಕ್ಕ ಹಾಕಿದಾಗ, ಜನ ಸುಳ್ಳನ್ನೂ ನಿಜವನ್ನೂ ಸರಿಯಾಗಿ ಗುರುತಿಸಿದ್ದು ಸರಾಸರಿ ಶೇ. 54ರಷ್ಟು ಸಲ. ಕಣ್ಣುಮುಚ್ಚಿ ನಾಣ್ಯ ಚಿಮ್ಮಿದ್ದರೂ 50 ಸಿಗುತ್ತಿತ್ತು! ಇನ್ನು ಎದುರಿಗಿರುವವನು ಪ್ರೀತಿಪಾತ್ರನಾದರಂತೂ ಮುಗಿಯಿತು. ಲಂಡನ್ನಿನ ಸೆಮೀರ್ ಜೆಕಿ ಮತ್ತು ಆಂಡ್ರಿಯಾಸ್ ಬಾರ್ಟೆಲ್ಸ್ ಪ್ರೇಮಿಗಳಿಗೆ ಅವರ ಸಂಗಾತಿಯ ಫೋಟೋ ತೋರಿಸಿ ಮಿದುಳನ್ನು ಸ್ಕ್ಯಾನ್ ಮಾಡಿದಾಗ, ಇತರರನ್ನು ಅಳೆದು ತೂಗಿ ನೋಡಲು ಬಳಕೆಯಾಗುವ ಭಾಗಗಳ ಚಟುವಟಿಕೆ ತಗ್ಗಿತ್ತು.

ಮೋಸ ಮಾಡುವವನ ತಲೆಯೊಳಗೆ ಏನಾಗುತ್ತದೆ? ಲಂಡನ್ನಿನಲ್ಲೇ ತಾಲಿ ಶರೋಟ್ ತಂಡ 2016ರಲ್ಲಿ ಒಂದು ಪ್ರಯೋಗ ಪ್ರಕಟಿಸಿತು. ಗಾಜಿನ ಜಾಡಿಯೊಂದರಲ್ಲಿ ಚಿಲ್ಲರೆ ನಾಣ್ಯಗಳು. ಅದರಲ್ಲಿ ಎಷ್ಟು ಹಣವಿದೆ ಎಂದು ಜೊತೆಗಾರನಿಗೆ ಸಲಹೆ ಕೊಡಬೇಕು. ಸುಳ್ಳು ಹೇಳಿದರೆ ತನಗೆ ಲಾಭ, ಅವನಿಗೆ ನಷ್ಟ. ಶುರುವಿನ ಸುಳ್ಳುಗಳಿಗೆ ಭಾವೋದ್ವೇಗಕ್ಕೆ ಸಂಬಂಧಿಸಿದ ಮಿದುಳಿನ ಭಾಗವಾದ ಅಮಿಗ್ಡಲಾ ಚೆನ್ನಾಗಿಯೇ ಸ್ಪಂದಿಸಿತು. ಹೇಳುತ್ತ ಹೋದಂತೆ ಆ ಸ್ಪಂದನ ಇಳಿಯಿತು, ಸುಳ್ಳಿನ ಗಾತ್ರ ಏರಿತು. ಮನಸ್ಸಾಕ್ಷಿ ಚುಚ್ಚುವುದು ನಿಂತಿತು ಎನ್ನುತ್ತೇವಲ್ಲ, ಹತ್ತಿರಹತ್ತಿರ ಅದೇ.

ಈಗ ಸೇಡು. 2004ರಲ್ಲಿ ಜ್ಯೂರಿಕ್‌ನ ಡೊಮಿನಿಕ್ ಡಿ ಕ್ವೆರ್ವೇನ್, ಅರ್ನ್ಸ್ಟ್ ಫೆರ್ ಮತ್ತು ಸಂಗಡಿಗರು ಇಬ್ಬರು ಆಡುವ ಹಣದ ಆಟವೊಂದನ್ನು ಹೂಡಿದರು. ಇಬ್ಬರ ಬಳಿಯೂ ಹತ್ತು ಹತ್ತು ಅಂಕ. ಮೊದಲನೆಯವನು ನಂಬಿ ತನ್ನ ಹತ್ತನ್ನೂ ಕೊಟ್ಟರೆ ಅದು ನಾಲ್ಕುಪಟ್ಟಾಗಿ ಎರಡನೆಯವನ ಕೈ ಸೇರುತ್ತದೆ. ಅವನ ಹತ್ತಿರ ಈಗ ಐವತ್ತು. ಅರ್ಧ ಮರಳಿಸಿದರೆ ಇಬ್ಬರಿಗೂ ಲಾಭ. ಅವನು ಒಂದು ಬಿಡಿಗಾಸೂ ಕೊಡದೆ ಎಲ್ಲವನ್ನೂ ನುಂಗಿದರೆ? ಮೋಸಹೋದವನಿಗೆ ಒಂದು ನಿಮಿಷ ಸಮಯ: ಶಿಕ್ಷಿಸುತ್ತೀಯಾ, ಎಷ್ಟು ಶಿಕ್ಷಿಸುತ್ತೀಯಾ? ಒಂದು ಬಗೆಯ ಆಟದಲ್ಲಿ ಶಿಕ್ಷೆ ಪುಕ್ಕಟೆ. ಇನ್ನೊಂದರಲ್ಲಿ ವಂಚಕನ ಎರಡು ಅಂಕ ಕಳೆಯಲು ತನ್ನ ಒಂದು ಅಂಕ ಕಳೆದುಕೊಳ್ಳಬೇಕು. ಕೈಯಿಂದ ಕಾಸು ಬಿಟ್ಟು ಯಾರು ಸೇಡಿಗೆ ಹೋಗುತ್ತಾರೆ ಎಂದರೆ, ಬಹುತೇಕರು ಹೋದರು. (ಭೀಷ್ಮನ ಮೇಲಿನ ಹಗೆಗೆ ಅಂಬೆ ತೆತ್ತದ್ದು ಒಂದು ಇಡೀ ಜನ್ಮವನ್ನು; ಒಂದು ಅಂಕ ಯಾವ ಲೆಕ್ಕ.)

ಮೋಸಹೋದವನ ಮಿದುಳನ್ನು ಸ್ಕ್ಯಾನರ್ ನೋಡುತ್ತಿದ್ದದ್ದು ಆ ಒಂದು ನಿಮಿಷದಲ್ಲಿ. ಆಗ ಚುರುಕಾದದ್ದು ಮಿದುಳಿನಾಳದ ಸ್ಟ್ರಯೇಟಮ್‌ನ ಮೇಲ್ಭಾಗ. ಇಷ್ಟವಾದದ್ದು ಸಿಗಲಿದೆ ಎಂದಾಗಲೂ ಚುರುಕಾಗುವ ಭಾಗ ಇದು. ಪುಕ್ಕಟೆ ಶಿಕ್ಷೆಯಲ್ಲಿ ಯಾರಲ್ಲಿ ಇದು ಹೆಚ್ಚು ಮಿನುಗಿತ್ತೋ ಅವರೇ ಖರ್ಚಿನ ಆಟದಲ್ಲೂ ಹೆಚ್ಚು ಅಂಕ ಸುರಿದರು. ಸುದ್ದಿ ಹೊರಬಿದ್ದದ್ದೇ ‘ಸೇಡು ಸಿಹಿ, ವಿಜ್ಞಾನವೂ ಒಪ್ಪಿತು’ ಎಂಬ ಮಾತು ಹಬ್ಬಿತು. ಇಲ್ಲೇ ಜಾರಿದ್ದು. ಸೇಡು ತೀರಿದ ಮೇಲಿನ ಮಿದುಳನ್ನು ಆ ಯಂತ್ರ ನೋಡಿರಲಿಲ್ಲ. ಅದು ಕಂಡದ್ದು ಬಾಯಲ್ಲಿ ನೀರೂರುವುದನ್ನು, ಊಟವನ್ನಲ್ಲ.

ಊಟದ ರುಚಿ ಕೇಳಿದವರು ಅಮೆರಿಕದ ಕೆವಿನ್ ಕಾರ್ಲ್‌ಸ್ಮಿತ್, ತಿಮೊತಿ ವಿಲ್ಸನ್ ಮತ್ತು ಡೇನಿಯಲ್ ಗಿಲ್ಬರ್ಟ್. 2008ರಲ್ಲಿ ಪ್ರಕಟವಾದ ಇವರ ಆಟದಲ್ಲಿ ‘ಎಲ್ಲರೂ ಹಣ ಹಾಕೋಣ, ಎಲ್ಲರಿಗೂ ಲಾಭ’ ಎಂದು ಉಳಿದವರನ್ನು ಹುರಿದುಂಬಿಸಿದವನೇ ಕೊನೆಗೆ ತನ್ನ ಗಂಟನ್ನು ಬಚ್ಚಿಟ್ಟುಕೊಳ್ಳುತ್ತಾನೆ. ಕೆಲವರಿಗೆ ಅವನನ್ನು ಶಿಕ್ಷಿಸುವ ಅವಕಾಶ ಸಿಕ್ಕಿತು, ಕೆಲವರಿಗೆ ಸಿಗಲಿಲ್ಲ. ಸಿಕ್ಕವರಿಗೆ ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ, ಅವಕಾಶ ಸಿಗದವರಿಗಿಂತ ಅವರ ಮನಸ್ಸೇ ಹೆಚ್ಚು ಕೆಟ್ಟಿತ್ತು. ಕಾರಣವೂ ಅಲ್ಲೇ ಕಂಡಿತು: ಶಿಕ್ಷಿಸಿದವರ ತಲೆಯಲ್ಲಿ ಆ ವಂಚಕನೇ ಸುತ್ತುತ್ತಿದ್ದ. ಶಿಕ್ಷಿಸಲಾಗದವರು ‘ಹೋಗಲಿ ಬಿಡು’ ಎಂದು ಬೇರೆ ಯೋಚನೆಗೆ ಹೊರಳಿದ್ದರು. ತಮಾಷೆಯೆಂದರೆ, ಅವರನ್ನು ಕೇಳಿದರೆ ‘ಶಿಕ್ಷಿಸಿದ್ದಿದ್ದರೆ ಎಷ್ಟೋ ಹಾಯೆನಿಸುತ್ತಿತ್ತು’ ಎಂದೇ ಹೇಳಿದರು.

ಪ್ರೇಮದಲ್ಲಿ ಮೋಸಹೋದವರ ಪಾಡು ಇನ್ನೂ ಬಿಗಿ. ಹೆಲೆನ್ ಫಿಶರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗಾತಿ ಬಿಟ್ಟುಹೋಗಿದ್ದರೂ ಮರೆಯಲಾಗದ 15 ಮಂದಿಗೆ ಆ ವ್ಯಕ್ತಿಯ ಫೋಟೋ ತೋರಿಸಿದಾಗ, ಕೊಕೇನ್ ಚಟದ ಹಂಬಲದಲ್ಲಿ ಕಾಣುವಂಥ ಭಾಗಗಳೇ ಎದ್ದು ಕಂಡವು. ಬಿಟ್ಟುಹೋದವರನ್ನು ನೆನೆಯುವ ಚಟ ಮೊದಲೇ ಅಂಟಿರುವ ತಲೆಗೆ ಸೇಡು ಇನ್ನೊಂದು ನೆಪ ಒದಗಿಸುತ್ತದೆ ಎಂದೇ ನನ್ನ ಅನುಮಾನ. ಇದು ಊಹೆ ಮಾತ್ರ, ಪ್ರಯೋಗದ ಫಲಿತಾಂಶವಲ್ಲ.

ಹಾಗಾದರೆ ಸೇಡು ಯಾವಾಗಲೂ ಸಪ್ಪೆಯೇ? ಜರ್ಮನಿಯ ಮಾರಿಯೊ ಗೋಲ್‌ವಿಟ್ಸರ್ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಅವರ ಪ್ರಯೋಗದಲ್ಲಿ ಜೊತೆಯಾಗಿ ಗಳಿಸಿದ ಲಾಟರಿ ಟಿಕೆಟ್‌ಗಳ ಹಂಚಿಕೆಯಲ್ಲಿ ಅನ್ಯಾಯ ನಡೆಯುತ್ತದೆ, ಅನ್ಯಾಯಕ್ಕೊಳಗಾದವರು ತಿರುಗೇಟು ಕೊಡಬಹುದು. ಆಮೇಲೆ ಎದುರಾಳಿಯಿಂದ ಒಂದು ಸಂದೇಶ ಬರುತ್ತದೆ. ತನಗೇಕೆ ಹೀಗಾಯಿತೆಂದು ಅರ್ಥವಾಗಿದೆ ಎಂದು ಅವನು ಒಪ್ಪಿಕೊಂಡಿದ್ದರೆ ಸೇಡು ತೀರಿಸಿಕೊಂಡವರಿಗೆ ಸಮಾಧಾನವಾಯಿತು. ಅವನು ಉಲ್ಟಾ ಸಿಡುಕಿದ್ದರೆ ಆಗಲಿಲ್ಲ. ಥ್ರಿಲ್ಲರ್‌ಗಳ ಕೊನೆಯಲ್ಲಿ ಕೊಲ್ಲುವ ಮೊದಲು ಕಥಾನಾಯಕಿ ಮುಸುಕು ತೆಗೆದು ‘ನಾನ್ಯಾರು ಗೊತ್ತಾಯ್ತಾ?’ ಎಂದು ಕೇಳುವುದನ್ನು ಬರಹಗಾರರ ಸೋಮಾರಿತನವೆಂದು ನಾವು ನಗುತ್ತೇವೆ. ನಿಜಕ್ಕೂ ಅವಳಿಗೆ ಬೇಕಿದ್ದದ್ದು ಆ ಪ್ರಶ್ನೆಗೆ ಉತ್ತರ. ಉತ್ತರ ಬರುವ ಮೊದಲೇ ಗುಂಡು ಹಾರಿಸಿದವಳಿಗೆ ಅದನ್ನು ಕೊಡಬಲ್ಲವರು ಇನ್ನಾರೂ ಉಳಿದಿರುವುದಿಲ್ಲ.