ಬೀದಿ ಕಾರ್ಯಕರ್ತ ಮತ್ತು ಗ್ಯಾಂಗಿನ ಒಗ್ಗಟ್ಟು: ಮಾಲ್ಕಮ್ ಕ್ಲೈನ್ ಅಧ್ಯಯನಗಳ ಟಿಪ್ಪಣಿ

ಯುವಜನರ ಹಿಂಸಾಚಾರದ ಬಗ್ಗೆ ಓದಲು ಕುಳಿತರೆ ಮೊದಲು ಎದುರಾಗುವುದು ಕಾರಣಗಳ ಪಟ್ಟಿ: ಬಡತನ, ಒಡೆದ ಮನೆ, ಅರ್ಧಕ್ಕೆ ನಿಂತ ಶಾಲೆ, ಸುಲಭವಾಗಿ ಕೈಗೆ ಬರುವ ಆಯುಧ. ಅವನ್ನೆಲ್ಲ ಪಠ್ಯಪುಸ್ತಕಗಳೇ ವಿವರವಾಗಿ ಹೇಳುತ್ತವೆ. ನಾನಿಲ್ಲಿ ಇನ್ನೊಂದು ತುದಿಯಿಂದ ಹೊರಡುತ್ತೇನೆ. ಹುಡುಗರನ್ನು ಹಿಂಸೆಯಿಂದ ಬಿಡಿಸಲೆಂದೇ ಬೀದಿಗಿಳಿದ ಒಳ್ಳೆಯ ಮನುಷ್ಯರಿದ್ದರು. ಅವರ ಕೆಲಸದಿಂದ ನಿಜಕ್ಕೂ ಏನಾಯಿತು? ಈ ಪ್ರಶ್ನೆಯನ್ನು ಎಡೆಬಿಡದೆ ಕೇಳಿದವರು ಅಮೆರಿಕದ ಅಪರಾಧಶಾಸ್ತ್ರಜ್ಞ ಮಾಲ್ಕಮ್ ಕ್ಲೈನ್. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಅವರು 1960ರ ದಶಕದಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆಸಿದ ಎರಡು ಅಧ್ಯಯನಗಳೇ ಈ ಟಿಪ್ಪಣಿಯ ಜೀವಾಳ.

ಹಿನ್ನೆಲೆ ಚಿಕ್ಕದು. ಹುಡುಗರು ಕಚೇರಿಗೆ ಬರಲಿ ಎಂದು ಕಾಯುವುದು ಬೇಡ, ಅವರು ನಿಲ್ಲುವ ಮೂಲೆಗೆ ನಾವೇ ಹೋಗೋಣ ಎಂಬ ಆಲೋಚನೆ 1930ರ ದಶಕದ ಶಿಕಾಗೋದಲ್ಲಿ, ಸಮಾಜಶಾಸ್ತ್ರಜ್ಞ ಕ್ಲಿಫರ್ಡ್ ಶಾ ಅವರ ಯೋಜನೆಯಲ್ಲಿ ಬೆಳೆಯಿತು. ಮುಂದೆ ಅದು ನ್ಯೂಯಾರ್ಕ್ ಮತ್ತು ಬಾಸ್ಟನ್‌ಗೂ ಹಬ್ಬಿತು. ಒಂದೊಂದು ಗ್ಯಾಂಗಿಗೂ ಒಬ್ಬೊಬ್ಬ ಬೀದಿ ಕಾರ್ಯಕರ್ತ. ಅವನು ಹುಡುಗರ ಜೊತೆ ನಿಲ್ಲುತ್ತಾನೆ, ವಿಶ್ವಾಸ ಗಳಿಸುತ್ತಾನೆ, ಜಗಳ ಬಿಡಿಸುತ್ತಾನೆ. ಹೀಗೆ ಇಡೀ ಗ್ಯಾಂಗೇ ನಿಧಾನವಾಗಿ ಒಂದು ಸಭ್ಯ ಕ್ಲಬ್ ಆಗಿಬಿಡುತ್ತದೆ ಎಂಬ ಭರವಸೆ ಇತ್ತು.

ಲಾಸ್ ಏಂಜಲೀಸ್‌ನಲ್ಲಿ ಈ ಕೆಲಸ ಮಾಡುತ್ತಿದ್ದುದು ಕೌಂಟಿಯ (ಅಂದರೆ ಜಿಲ್ಲಾಡಳಿತದ) ಪ್ರೊಬೇಷನ್ ಇಲಾಖೆ, ಜೈಲಿಗೆ ಕಳಿಸದೆ ನಿಗಾದಲ್ಲಿ ಬಿಟ್ಟ ತಪ್ಪಿತಸ್ಥರನ್ನು ನೋಡಿಕೊಳ್ಳುವ ಇಲಾಖೆ. ವಾರಕ್ಕೊಂದು ಕ್ಲಬ್ ಸಭೆ, ಆಟ, ಪ್ರವಾಸ, ನೃತ್ಯಕೂಟ ನಡೆಯುತ್ತಿದ್ದವು. ಮೊದಲ ಅಧ್ಯಯನದಲ್ಲಿ ಕ್ಲೈನ್ ಇದನ್ನು ಪರಿಶೀಲಿಸಿದಾಗ ಕಂಡದ್ದು ಬೇರೆಯೇ ಚಿತ್ರ. ಬಂಧನಗಳು ಇಳಿದಿರಲಿಲ್ಲ, ಏರಿದ್ದವು. ಅದರಲ್ಲೂ ಗೆಳೆಯರ ಜೊತೆಗೂಡಿ ಮಾಡುವ ಅಪರಾಧಗಳು ಹೆಚ್ಚಿದ್ದವು. ಗುಂಪು ಚಟುವಟಿಕೆ ಹೆಚ್ಚಿದ್ದ ಕಡೆ ಈ ಏರಿಕೆಯೂ ಎದ್ದು ಕಾಣುತ್ತಿತ್ತು.

ಏಕೆ ಹೀಗೆ? ನನಗೆ ಅರ್ಥವಾದದ್ದು ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡ ಮೇಲೆ. ಹದಿನಾಲ್ಕರ ಒಬ್ಬ ಹುಡುಗ ಗ್ಯಾಂಗಿನ ಅಂಚಿನಲ್ಲಿದ್ದಾನೆ. ತಿಂಗಳಿಗೊಮ್ಮೆ ಮೂಲೆಯಲ್ಲಿ ನಿಂತು ಹೋಗುತ್ತಾನೆ, ಅಷ್ಟೆ. ಅವನನ್ನು ಹಾಗೆಯೇ ಬಿಟ್ಟಿದ್ದರೆ ಇನ್ನೊಂದು ವರ್ಷದಲ್ಲಿ ಆ ಮೂಲೆಯನ್ನೇ ಮರೆಯುತ್ತಿದ್ದನೇನೋ. ಈಗ ಶನಿವಾರ ಬೆಳಿಗ್ಗೆ ಕಾರ್ಯಕರ್ತನ ವ್ಯಾನು ಬಂದು ನಿಲ್ಲುತ್ತದೆ. ಪಂದ್ಯ ನೋಡಲು ಹೋಗಬೇಕಾದರೆ ಗ್ಯಾಂಗಿನವನಾಗಿರಬೇಕು. ಹುಡುಗ ಹತ್ತುತ್ತಾನೆ. ಪಕ್ಕದ ಸೀಟಿನಲ್ಲಿ ಕುಳಿತವನು ಹತ್ತೊಂಬತ್ತರ ಮುಖಂಡ. ಇಬ್ಬರೂ ಈ ಮೊದಲು ನಾಲ್ಕು ಮಾತು ಆಡಿದವರಲ್ಲ, ಈಗ ದಾರಿಯುದ್ದಕ್ಕೂ ಮಾತು. ಸರ್ಕಾರವೇ ವ್ಯಾನು ಕಳಿಸುತ್ತಿದೆ ಎಂದರೆ ನಮ್ಮ ಗ್ಯಾಂಗಿಗೆ ಎಷ್ಟು ಬೆಲೆ ಇರಬೇಕು ಎಂಬ ಭಾವನೆಯೂ ಅದರ ಜೊತೆ ಮೊಳೆಯುತ್ತದೆ. ಕಾರ್ಯಕರ್ತ ತಪ್ಪು ಮಾಡಲಿಲ್ಲ, ಪ್ರೀತಿಯಿಂದಲೇ ಕರೆದುಕೊಂಡು ಹೋದ. ಆದರೆ ಸಡಿಲವಾಗಿದ್ದ ಗಂಟನ್ನು ಬಿಗಿದವನೂ ಅವನೇ.

ಕ್ಲೈನ್ ಬಳಸುವ ಮುಖ್ಯ ಪರಿಕಲ್ಪನೆ ಇದು: ಒಗ್ಗಟ್ಟು. ಹೊರಗಿನವರು ಊಹಿಸುವಷ್ಟು ಬಿಗಿಯಾದ ಸಂಘಟನೆ ಗ್ಯಾಂಗುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಸದಸ್ಯರು ಬರುತ್ತಾರೆ, ಹೋಗುತ್ತಾರೆ. ಹೆಚ್ಚಿನ ಹೊತ್ತು ಏನೂ ನಡೆಯುವುದೇ ಇಲ್ಲ. ಹೊರಗಿನಿಂದ ಬಂದ ಗಮನ ಈ ಸಡಿಲ ಗುಂಪನ್ನು ಗಟ್ಟಿ ಮಾಡುತ್ತದೆ. ಇಲ್ಲಿ ಸಹಪಾಠಿಗಳು ಒಂದು ಅಂಶವನ್ನು ಗುರುತು ಹಾಕಿಕೊಳ್ಳಬೇಕು: ಪೊಲೀಸರ ಸಾಮೂಹಿಕ ದಾಳಿಯ ಬಗ್ಗೆಯೂ ಕ್ಲೈನ್ ಇದೇ ಎಚ್ಚರಿಕೆ ಕೊಟ್ಟಿದ್ದಾರೆ. ಲಾಠಿಯಾಗಲಿ ವ್ಯಾನಾಗಲಿ, ಹುಡುಗನನ್ನು ‘ಗ್ಯಾಂಗಿನವನು’ ಎಂದೇ ನಡೆಸಿಕೊಂಡರೆ ಆ ಗುರುತು ಅವನಿಗೆ ಇನ್ನಷ್ಟು ಅಂಟುತ್ತದೆ.

ಎರಡನೆಯ ಅಧ್ಯಯನ ಲಡೀನೋ ಹಿಲ್ಸ್. ಇದು ಬಡಾವಣೆಯ ನಿಜವಾದ ಹೆಸರಲ್ಲ, ಸಂಶೋಧಕರು ಇಟ್ಟದ್ದು. ಇಲ್ಲಿ ಕ್ಲೈನ್ ತಮ್ಮ ಊಹೆಯನ್ನೇ ಪರೀಕ್ಷೆಗೆ ಒಡ್ಡಿದರು. ಗುಂಪು ಸಭೆ, ಗುಂಪು ಪ್ರವಾಸಗಳನ್ನು ನಿಲ್ಲಿಸಲಾಯಿತು. ಬದಲಿಗೆ ಒಬ್ಬೊಬ್ಬ ಹುಡುಗನಿಗೂ ಬೇರೆಬೇರೆಯಾಗಿ ಕೆಲಸ ಹುಡುಕಿ ಕೊಡುವುದು, ಪಾಠ ಹೇಳಿಸುವುದು, ಆಪ್ತಸಲಹೆ ಕೊಡುವುದು ನಡೆಯಿತು. ಒಗ್ಗಟ್ಟು ಸುಮಾರು 40 ಶೇಕಡಾ ಇಳಿಯಿತು, ಗ್ಯಾಂಗಿನ ಬಂಧನಗಳು ಸುಮಾರು 35 ಶೇಕಡಾ ಇಳಿದವು.

ಪರೀಕ್ಷೆಗೆ ಓದುವವರು ಎಡವುವುದು ಇಲ್ಲಿಯೇ. ಇಳಿದದ್ದು ಒಟ್ಟು ಬಂಧನಗಳು. ತಲಾ ಲೆಕ್ಕ ಹಾಕಿದರೆ ಉಳಿದ ಸದಸ್ಯರ ಅಪರಾಧ ಕಡಿಮೆಯಾಗಿರಲಿಲ್ಲ, ಸದಸ್ಯರೇ ಕಡಿಮೆಯಾಗಿದ್ದರು. ಅಂದರೆ ಯೋಜನೆಯ ಫಲ ಹೊಸಬರು ಸೇರದಂತೆ ತಡೆದದ್ದರಲ್ಲಿ ಮತ್ತು ಅಂಚಿನಲ್ಲಿದ್ದವರು ಕಳಚಿಕೊಂಡದ್ದರಲ್ಲಿ ಇದೆ. ಯೋಜನೆ ಮುಗಿದ ಮೇಲೆ ಗ್ಯಾಂಗು ಮತ್ತೆ ಚಿಗುರಿತು. ಬಡಾವಣೆ ಬದಲಾಗಿರಲಿಲ್ಲವಲ್ಲ! ಇನ್ನೊಂದು ಎಚ್ಚರಿಕೆ: ಬಂಧನದ ದಾಖಲೆ ಅಪರಾಧದ ನೇರ ಅಳತೆಯಲ್ಲ. ಕಾರ್ಯಕರ್ತನ ಜೊತೆ ಓಡಾಡುವ ಹುಡುಗರು ಪೊಲೀಸರ ಕಣ್ಣಿಗೂ ಹೆಚ್ಚು ಬೀಳುತ್ತಾರೆ.

ಕ್ಲೈನ್ ಹೇಳಿದ್ದನ್ನು ಬೇರೆ ದಿಕ್ಕಿನಿಂದ ಗಟ್ಟಿ ಮಾಡುವ ಒಂದು ಅಧ್ಯಯನವಿದೆ. ಮ್ಯಾಸಚೂಸೆಟ್ಸ್‌ನಲ್ಲಿ 1939ರಲ್ಲಿ ಆರಂಭವಾದ ಕೇಂಬ್ರಿಜ್–ಸಾಮರ್‌ವಿಲ್ ಯೋಜನೆಯಲ್ಲಿ ಹುಡುಗರಿಗೆ ವರ್ಷಗಟ್ಟಲೆ ಸಲಹೆ, ಪಾಠ, ಬೇಸಿಗೆ ಶಿಬಿರ ಎಲ್ಲವೂ ಸಿಕ್ಕವು. ಅಪರಾಧಶಾಸ್ತ್ರಜ್ಞೆ ಜೋನ್ ಮೆಕಾರ್ಡ್ 1978ರಲ್ಲಿ ಪ್ರಕಟಿಸಿದ ಮೂವತ್ತು ವರ್ಷಗಳ ನಂತರದ ಫಲಿತಾಂಶದಲ್ಲಿ, ನೆರವು ಪಡೆದವರು ಪಡೆಯದವರಿಗಿಂತ ಹಲವು ವಿಷಯಗಳಲ್ಲಿ ಕೆಟ್ಟ ಸ್ಥಿತಿಯಲ್ಲಿದ್ದರು. ಮುಂದಿನ ವಿಶ್ಲೇಷಣೆಯಲ್ಲಿ ಬೆರಳು ತೋರಿದ್ದು ಶಿಬಿರಗಳತ್ತ: ಒಂದಕ್ಕಿಂತ ಹೆಚ್ಚು ಬಾರಿ ಶಿಬಿರಕ್ಕೆ ಹೋದವರಿಗೆ ಹಾನಿ ಹೆಚ್ಚು. ಗೆಳೆಯರ ನಡುವೆ ಇಂಥ ಹಾನಿ ಹೇಗಾಗುತ್ತದೆ ಎಂಬುದಕ್ಕೆ ಇನ್ನೊಂದು ಅಧ್ಯಯನ ಸುಳಿವು ಕೊಡುತ್ತದೆ. ಮನಶ್ಶಾಸ್ತ್ರಜ್ಞ ಥಾಮಸ್ ಡಿಷಿಯನ್ ಮತ್ತು ಸಂಗಡಿಗರು ಹದಿಹರೆಯದ ಗೆಳೆಯರ ಮಾತುಕತೆಯನ್ನು ವಿಡಿಯೋ ಮಾಡಿ ನೋಡಿದರು. ನಿಯಮ ಮುರಿದ ಕಥೆ ಹೇಳಿದಾಗ ಎದುರಿಗಿದ್ದವನು ನಕ್ಕರೆ, ಮಾತು ಮತ್ತೆ ಅದೇ ಕಡೆಗೆ ಹರಿಯುತ್ತಿತ್ತು. ಆ ನಗುವೇ ಬಹುಮಾನ. ಹೀಗೆ ಬಹುಮಾನ ಪಡೆದ ಮಾತು ಮುಂದಿನ ದುರ್ನಡತೆಯ ಮುನ್ಸೂಚನೆಯಾಗಿತ್ತು.

ಇದನ್ನೆಲ್ಲ ಓದಿದ ಕೆಲವರು ‘ಯುವಜನರ ನಡುವಿನ ಕೆಲಸವೇ ವ್ಯರ್ಥ, ಹಣ ನಿಲ್ಲಿಸಿ’ ಎನ್ನುತ್ತಾರೆ. ಇದು ತಪ್ಪು ಓದು, ಮತ್ತು ಅದರ ಬೆಲೆ ತೆರುವವರು ಹುಡುಗರು ಎಂಬುದು ನನಗೆ ನೋವಿನ ಸಂಗತಿ. ಕ್ಲೈನ್ ಪ್ರಶ್ನಿಸಿದ್ದು ನೆರವನ್ನು ಗ್ಯಾಂಗಿನ ಮೂಲಕವೇ ಹಂಚುವ ವಿಧಾನವನ್ನು. ಹುಡುಗನ ಪಕ್ಕ ಒಬ್ಬ ಹಿರಿಯರು ಇರುವುದನ್ನಲ್ಲ.

ಹಾಗಾದರೆ ಗುಂಪಿನ ಜೊತೆ ಕೆಲಸ ಮಾಡುವುದೇ ಬೇಡವೇ? ಶಿಕಾಗೋದ ಶಾಲೆಗಳಲ್ಲಿ ನಡೆಯುವ ‘ಬಿಕಮಿಂಗ್ ಎ ಮ್ಯಾನ್’ ಕಾರ್ಯಕ್ರಮ ಈ ತೀರ್ಮಾನಕ್ಕೆ ಅಡ್ಡ ಬರುತ್ತದೆ. ವಾರಕ್ಕೆ ಒಂದು ಗಂಟೆ, ಹುಡುಗರ ಗುಂಪು, ಒಬ್ಬ ಆಪ್ತಸಲಹೆಗಾರ. ಯಾದೃಚ್ಛಿಕ ಹಂಚಿಕೆಯ (ಯಾರು ಸೇರಬೇಕೆಂದು ಚೀಟಿ ಎತ್ತಿದಂತೆ ನಿರ್ಧರಿಸುವ) ಪ್ರಯೋಗಗಳಲ್ಲಿ, ಕಾರ್ಯಕ್ರಮ ನಡೆದ ಅವಧಿಯಲ್ಲಿ ಹಿಂಸಾ ಅಪರಾಧದ ಬಂಧನಗಳು 45ರಿಂದ 50 ಶೇಕಡಾ ಇಳಿದವು. ಮೊದಲ ಭೇಟಿಗಳಲ್ಲೇ ಒಂದು ಆಟ ಇರುತ್ತದೆ. ಇಬ್ಬರನ್ನು ಜೋಡಿ ಮಾಡಿ ಒಬ್ಬನ ಕೈಗೆ ಚೆಂಡು ಕೊಡುತ್ತಾರೆ. ಮೂವತ್ತು ಸೆಕೆಂಡಿನಲ್ಲಿ ಅವನ ಮುಷ್ಟಿ ಬಿಡಿಸಬೇಕು. ಬೆರಳು ತಿರುಚುವುದು, ಎಳೆದಾಟ, ತಳ್ಳಾಟ ಶುರುವಾಗುತ್ತದೆ. ಆಮೇಲೆ ಸಲಹೆಗಾರ ಕೇಳುತ್ತಾನೆ: ಕೊಡು ಎಂದು ಯಾಕೆ ಕೇಳಲಿಲ್ಲ? ಕೇಳಿದ್ದರೂ ಕೊಡುತ್ತಿರಲಿಲ್ಲ, ನನ್ನನ್ನು ಪುಕ್ಕಲ ಎನ್ನುತ್ತಿದ್ದ ಎಂಬ ಉತ್ತರ ಬರುತ್ತದೆ. ಚೆಂಡು ಹಿಡಿದವನನ್ನು ಕೇಳಿದರೆ, ಕೇಳಿದ್ದರೆ ಕೊಟ್ಟುಬಿಡುತ್ತಿದ್ದೆ, ಅದರಲ್ಲೇನಿದೆ ಎನ್ನುತ್ತಾನೆ.

ಕ್ಲೈನ್ ಮತ್ತು ಈ ಪ್ರಯೋಗ ಒಂದನ್ನೊಂದು ಅಲ್ಲಗಳೆಯುತ್ತವೆ ಎಂದು ನನಗೆ ಅನ್ನಿಸುವುದಿಲ್ಲ. ಶಾಲೆಯ ಈ ಗುಂಪು ಬೀದಿಯಲ್ಲಿ ಮೊದಲೇ ಇದ್ದ ಗ್ಯಾಂಗಲ್ಲ. ಅದಕ್ಕೆ ತನ್ನದೆಂಬ ಪ್ರದೇಶವಿಲ್ಲ, ಎದುರಾಳಿಯಿಲ್ಲ. ಯಾವ ಮಾತಿಗೆ ನಗು ಸಿಗುತ್ತದೆ ಎಂಬುದನ್ನು ಗಮನಿಸಲು ಒಬ್ಬ ದೊಡ್ಡವನು ಕೋಣೆಯಲ್ಲೇ ಕುಳಿತಿರುತ್ತಾನೆ, ಮತ್ತು ಗಂಟೆ ಹೊಡೆದ ಮೇಲೆ ಹುಡುಗರು ತಮ್ಮ ತಮ್ಮ ತರಗತಿಗಳಿಗೆ ಚದುರುತ್ತಾರೆ.