ಪದ ಪರಿಚಯ: ಮೆಂಟರ್

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಹೊಸಬರಿಗೆ ಒಬ್ಬ ಮೆಂಟರ್ ಇರುವುದು ವಾಡಿಕೆ. ರಜೆ ಯಾರ ಹತ್ತಿರ ಕೇಳಬೇಕು ಎಂಬುದರಿಂದ ಹಿಡಿದು ಬಡ್ತಿಯ ಗುಟ್ಟಿನವರೆಗೆ ಹೇಳಿಕೊಡುವವರು. ಅದೇ ಪದ ಬಾಲಮಂದಿರದ ಗೇಟು ದಾಟಿದರೆ ಅರ್ಥ ಬೇರೆಯಾಗುತ್ತದೆ. ಸಂಬಳವಿಲ್ಲದೆ, ನೆಂಟಸ್ತಿಕೆಯೂ ಇಲ್ಲದೆ, ಒಬ್ಬ ಹುಡುಗನ ಅಥವಾ ಹುಡುಗಿಯ ಜತೆ ವಾರಕ್ಕೊಮ್ಮೆ ಒಂದೆರಡು ಗಂಟೆ ಕಳೆಯಲು ಒಪ್ಪಿಕೊಂಡ, ಅದೇ ಊರಿನ ಯಾರೋ ಒಬ್ಬ ದೊಡ್ಡವರು ಅಲ್ಲಿ ಮೆಂಟರ್. ಅಂಥವರನ್ನು ಹುಡುಕಿ, ಪೂರ್ವಾಪರ ವಿಚಾರಿಸಿ, ತರಬೇತಿ ಕೊಟ್ಟು, ಆಸರೆ ಇಲ್ಲದ ಮಕ್ಕಳಿಗೆ ಜೋಡಿ ಮಾಡುವ ಏರ್ಪಾಟಿಗೆ ಸಮುದಾಯ ಮೆಂಟರಿಂಗ್ ಎನ್ನುತ್ತಾರೆ.

ಪದದ ಮೂಲ ಹೋಮರನ 'ಒಡಿಸ್ಸಿ'. ಟ್ರಾಯ್ ಯುದ್ಧಕ್ಕೆ ಹೊರಟ ಒಡಿಸ್ಯೂಸ್ ಮನೆಯ ಉಸ್ತುವಾರಿಯನ್ನು ಮೆಂಟರ್ ಎಂಬ ಹಳೆಯ ಗೆಳೆಯನಿಗೆ ಒಪ್ಪಿಸುತ್ತಾನೆ. ಗೆಳೆಯ ಅದನ್ನು ಚೆನ್ನಾಗಿ ನಿಭಾಯಿಸಿದ ಅಂತೇನೂ ಇಲ್ಲ. ಯಜಮಾನನ ಹೆಂಡತಿಯನ್ನು ಮದುವೆಯಾಗುತ್ತೇವೆಂದು ಬಂದವರು ಆ ಮನೆಯಲ್ಲೇ ಬೀಡುಬಿಟ್ಟು ತಿಂದು ತೇಗುತ್ತಿರುತ್ತಾರೆ. ಮಗ ಟೆಲಿಮಾಕಸ್‌ಗೆ ಧೈರ್ಯ ಹೇಳಿ, ಅಪ್ಪನ ಸುದ್ದಿ ತಿಳಿಯಲು ಹಡಗು ಹತ್ತಿಸಿ, ಜತೆಗೂ ಹೋಗುವವಳು ಮೆಂಟರನ ವೇಷ ಹಾಕಿಕೊಂಡ ಅಥೀನಾ ದೇವತೆ. ಕೆಲಸ ಅವಳದು, ಹೆಸರು ಮಾತ್ರ ಅವನಿಗೆ! 1699ರಲ್ಲಿ ಫ್ರಾನ್ಸಿನ ಫೆನೆಲಾನ್ ಟೆಲಿಮಾಕಸ್‌ನ ಕಥೆಯನ್ನು ಹಿಗ್ಗಿಸಿ ಬರೆದ. ಆಮೇಲೆ ಯುರೋಪಿನಲ್ಲಿ ಈ ಅಂಕಿತನಾಮ ಮೆಲ್ಲಗೆ ರೂಢನಾಮವಾಯಿತು.

ಕನ್ನಡದಲ್ಲಿ ಏನನ್ನೋಣ? ಸುತ್ತೋಲೆಯವರು 'ಮಾರ್ಗದರ್ಶಕ' ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ದಾರಿ ತೋರಿಸುವವನಿಗೆ ದಾರಿ ಗೊತ್ತಿರಬೇಕಲ್ಲ, ಇಲ್ಲಿ ಎಷ್ಟೋ ಸಲ ಇಬ್ಬರಿಗೂ ಗೊತ್ತಿರುವುದಿಲ್ಲ. ಗೈಡ್ ಅಂದರೆ ಹಂಪಿಯಲ್ಲಿ ಸಿಗುವವರು, ಇಲ್ಲವೇ ಪರೀಕ್ಷೆಯ ಹಿಂದಿನ ರಾತ್ರಿ ಓದುವ ಪುಸ್ತಕ. ಗುರು ಅಂದರೆ ಕಾಲಿಗೆ ಬೀಳಬೇಕು. ಆಪ್ತ ಸಮಾಲೋಚಕರದ್ದು ಕಲಿತು ಮಾಡುವ ವೃತ್ತಿ. ನನ್ನ ಮಟ್ಟಿಗೆ ಹತ್ತಿರದ ಪದ 'ಒಡನಾಡಿ'. ಮಾನವ ಕಳ್ಳಸಾಗಣೆಗೆ ಸಿಕ್ಕಿಬಿದ್ದ ಹೆಣ್ಣುಮಕ್ಕಳಿಗಾಗಿ ದುಡಿಯುವ ಮೈಸೂರಿನ ಸಂಸ್ಥೆ ಇದೇ ಹೆಸರನ್ನು ಇಟ್ಟುಕೊಂಡಿದೆ. ಮಕ್ಕಳಿಗೆ ಈ ಚರ್ಚೆಯೇ ಬೇಡ. ಅವರ ಬಾಯಲ್ಲಿ ಅಣ್ಣ, ಅಕ್ಕ, ಸಾರ್, ಮಿಸ್, ಅಷ್ಟೇ.

ಪದ ಹೊಸದಾದರೂ ನಡಾವಳಿ ತೀರಾ ಹೊಸದಲ್ಲ. ನಮ್ಮ ತಾತಂದಿರ ಕಾಲದಲ್ಲಿ ವಾರಾನ್ನವಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಉಂಡು ಓದಿದವರು ಬಹಳ ಜನ. ಬಡಿಸುತ್ತಾ "ಲೆಕ್ಕದಲ್ಲಿ ಎಷ್ಟು ಬಂತೋ?" ಎಂದು ಕೇಳಿದ ಆ ಮನೆಯಾಕೆ ಮೆಂಟರೇ. ಆದರೆ ಆ ಬಾಗಿಲು ಹೆಚ್ಚಾಗಿ ಜಾತಿ ನೋಡಿ ತೆರೆಯುತ್ತಿತ್ತು ಎಂಬುದನ್ನೂ ಹೇಳಲೇಬೇಕು.

ಸಂಘಟಿತ ರೂಪ ಬಂದದ್ದು ಅಮೆರಿಕದಲ್ಲಿ. 1904ರಲ್ಲಿ ನ್ಯೂಯಾರ್ಕಿನ ಮಕ್ಕಳ ನ್ಯಾಯಾಲಯದಲ್ಲಿ ಗುಮಾಸ್ತನಾಗಿದ್ದ ಅರ್ನೆಸ್ಟ್ ಕೌಲ್ಟರ್, ದಿನವೂ ಕಟಕಟೆಗೆ ಬರುವ ಹುಡುಗರನ್ನು ನೋಡಿ ನೋಡಿ ಬೇಸತ್ತು, ತಲಾ ಒಬ್ಬ ಹುಡುಗನಿಗೆ ಸ್ನೇಹಿತರಾಗಿ ಎಂದು ಊರಿನ ಗಂಡಸರನ್ನು ಕೇಳಿಕೊಂಡ. ಸುಮಾರು 40 ಮಂದಿ ಒಪ್ಪಿದರು. ಇಂದಿನ 'ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್' ಸಂಸ್ಥೆಯ ಬೇರು ಅಲ್ಲಿದೆ.

ಒಳ್ಳೆಯ ಮನಸ್ಸಿನಿಂದ ಮಾಡಿದ್ದರಿಂದ ಕೆಟ್ಟದ್ದೇನಾದೀತು ಎಂದುಕೊಳ್ಳುವಂತಿಲ್ಲ. ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್ ಮತ್ತು ಸಾಮರ್‌ವಿಲ್ ಊರುಗಳಲ್ಲಿ 1939ರಲ್ಲಿ 506 ಹುಡುಗರನ್ನು ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ವರ್ಷಗಟ್ಟಲೆ ಸಲಹೆಗಾರರ ಒಡನಾಟ, ಪಾಠ, ಬೇಸಿಗೆ ಶಿಬಿರ ಎಲ್ಲ ಒದಗಿಸಿದರು. ಸುಮಾರು 30 ವರ್ಷದ ನಂತರ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಅವರನ್ನೆಲ್ಲ ಹುಡುಕಿ ಲೆಕ್ಕ ಹಾಕಿದರೆ, ನೆರವು ಸಿಕ್ಕವರ ಪಾಡೇ ಹಲವು ವಿಷಯಗಳಲ್ಲಿ ಸಿಗದವರಿಗಿಂತ ಕೆಟ್ಟದಾಗಿತ್ತು. ಕಾರಣದ ಬಗ್ಗೆ ಇಂದಿಗೂ ವಾದವಿದೆ. 2002ರಲ್ಲಿ ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ ಕಂಡುಕೊಂಡದ್ದು ಇನ್ನೂ ಸ್ಪಷ್ಟ: ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ಉಳಿದ ಜೋಡಿಗಳಲ್ಲಿ ಮಕ್ಕಳಿಗೆ ಹೆಚ್ಚು ಲಾಭ, ಮೂರು ತಿಂಗಳೊಳಗೇ ಮುರಿದವುಗಳಲ್ಲಿ ಮಕ್ಕಳಿಗೆ ತಮ್ಮ ಮೇಲಿದ್ದ ಭರವಸೆಯೇ ಕುಗ್ಗಿತ್ತು. ಹುಟ್ಟುಹಬ್ಬಕ್ಕೆ ಕೇಕು ತಂದು, ಸೆಲ್ಫಿ ತೆಗೆದುಕೊಂಡು, ಮತ್ತೆ ಮುಖ ತೋರಿಸದವರನ್ನು ಯಾವ ಅರ್ಥದಲ್ಲೂ ಮೆಂಟರ್ ಎನ್ನಲಾಗದು.

ನನ್ನ ಪರಿಚಯದ ನಿವೃತ್ತ ಬ್ಯಾಂಕ್ ಗುಮಾಸ್ತರೊಬ್ಬರು ಇಂಥ ಒಬ್ಬ ಹುಡುಗನ ಜತೆಯಾಗಿದ್ದರು. ಮೊದಲ ಆರು ಭಾನುವಾರ "ಹೂಂ", "ಇಲ್ಲ" ಬಿಟ್ಟರೆ ಅವನಿಂದ ಮಾತಿಲ್ಲ. ಹುಣಸೆಬೀಜದ ಒಂದು ಮೈಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿಕೊಂಡು ಇಬ್ಬರೂ ಚೌಕಾಬಾರ ಆಡುತ್ತಿದ್ದರು. ಏಳನೇ ವಾರ ಇವರಿಗೆ ಮದುವೆಗೆ ಹೋಗಬೇಕಿತ್ತು, ವಾರ್ಡನ್‌ಗೆ ಫೋನ್ ಮಾಡಿ ಹೇಳಿದ್ದರು. ಮರುವಾರ ಹೋದಾಗ ಹುಡುಗ ಕಾಯಿ ನಡೆಸುತ್ತಲೇ, ತಲೆ ಎತ್ತದೆ, "ಹೇಳಿ ಹೋದ್ರಲ್ಲ ಸಾರ್. ಹೇಳ್ದೇ ಹೋಗೋರೇ ಜಾಸ್ತಿ" ಅಂದನಂತೆ.

ಕಷ್ಟ ಶುರುವಾಗುವುದು 18 ತುಂಬಿದ ದಿನ. ಬಾಲನ್ಯಾಯ ಕಾಯ್ದೆ, 2015ರ ಪ್ರಕಾರ ಪಾಲನಾ ಸಂಸ್ಥೆಯಿಂದ ಹೊರಬರುವ ಯುವಕ ಯುವತಿಯರಿಗೆ ಸಾಮಾನ್ಯವಾಗಿ 21ರವರೆಗೆ ಅನುಪಾಲನೆಯ, ಅಂದರೆ ಹೊರಬಂದ ಮೇಲಿನ ಆರೈಕೆಯ, ನೆರವು ಸಿಗಬಹುದು. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅದಕ್ಕೆಂದು ತಿಂಗಳಿಗೆ 4,000 ರೂಪಾಯಿ ಇದೆ. ಆದರೆ ಬಾಡಿಗೆ ಮನೆ ಕೇಳಲು ಹೋದಾಗ ಪಕ್ಕದಲ್ಲಿ ನಿಲ್ಲುವವರನ್ನು ಕಾಯ್ದೆ ಎಲ್ಲಿಂದ ತರಬೇಕು?

ಆ ಹುಡುಗ ಐಟಿಐ ಮುಗಿಸಿ ಪೀಣ್ಯದ ಹತ್ತಿರ ರೂಮು ಹುಡುಕಿದ. ಓನರ್ "ನಿಮ್ಮಪ್ಪನ ನಂಬರ್ ಕೊಡಪ್ಪ" ಅಂದಾಗ ಅವನು ಕೊಟ್ಟದ್ದು ಬ್ಯಾಂಕ್ ಸಾರ್ ನಂಬರು. ಓನರ್ ಫೋನ್ ಮಾಡಿ, "ಈ ಹುಡುಗನಿಗೆ ನೀವೇನಾಗಬೇಕು?" ಎಂದು ಕೇಳಿದರು. ಸಾರ್‌ಗೆ ತಟ್ಟನೆ ಯಾವ ಪದವೂ ಹೊಳೆಯಲಿಲ್ಲ.

"ನಮ್ ಹುಡುಗನೇ, ರೂಮ್ ಕೊಡಿ" ಅಂದರಂತೆ.